ಗುರುಪಾದಯ್ಯನ ಮೂರನೆಯ ಕೂಗು
"ರಾಚವ್ವಾ, ಹಾಜರ್ ಹೋ!" ಬಾಡಿಗೆ ವ್ಯಾಜ್ಯಗಳ ಕೋರ್ಟಿನ ಜವಾನ, ಪಟ್ಟೇವಾಲಾ ಗುರುಪಾದಯ್ಯನ ಕೂಗು ಬೀದಿಯ ಟ್ರಾಮಿನ ಗಂಟೆಯನ್ನೂ ಮೀರಿಸುತ್ತಿತ್ತು. ಮೂರು ಸಲ ಕೂಗಿದರೂ ಬಾರದ ಬಾಡಿಗೆದಾರ ವಾಸವಿದ್ದ ಖೋಲಿ ಮಾಲೀಕನ ಪಾಲಾಗುತ್ತಿತ್ತು. ಹೊಸ ಬಾಡಿಗೆ ಕಾಯಿದೆ ಕಾಯುವುದು ಬಂದು ನಿಂತವರನ್ನಷ್ಟೇ. ಅದಕ್ಕೇ ಮಾಲೀಕರನ್ನು ಚುಟುಕಾಗಿ ಕರೆಯುವ ಅವನು, ಬಾಡಿಗೆದಾರರ ಮೂರನೆಯ ಕೂಗನ್ನು ಮಾತ್ರ ಮೆಟ್ಟಿಲಿಳಿದು ಫುಟ್‌ಪಾತಿನವರೆಗೂ ಎಳೆಯುತ್ತಿದ್ದ. ಜಡ್ಜ್ ಸಾಹೇಬರು ಗದರಿದರೆ ಕೆಮ್ಮುತ್ತಿದ್ದ. ಲೋಕಲ್ ರೈಲು ತಪ್ಪಿ ಸಯನ್ನಿನಿಂದ ತಡವಾಗಿ ಓಡಿಬಂದ ರಾಚವ್ವನ ಖೋಲಿ ಇಂದು ಆ ಕೂಗಿನಿಂದಲೇ ಉಳಿದಿತ್ತು. "ನಿನ್ನ ಗಂಟಲದಾಗ ದೇವರದಾನೋ ಯಣ್ಣಾ!" ಎಂದು ಅವಳು ಕೈಮುಗಿದಳು. "ದೇವರಲ್ಲಬೇ, ನಮ್ಮವ್ವ ಅದಾಳ. ಕೇಸಿನ ದಿವಸ ಆಕಿ ನೀರು ಕುಡದು ಬರೂದ್ರಾಗ ಮೂರೂ ಸಲ ಕೂಗಿ ಮುಗಿಸಿದ್ರು, ಖೋಲಿ ಹೋತು. ಆ ರಾತ್ರಿ ನಾವು ಟೇಶನ್ ಪ್ಲಾಟ್‌ಫಾರಮ್ಮಿನ ಮ್ಯಾಲ ಮಲಗಿದ್ವಿ..." ಒಳಗೆ ಸಾಹೇಬರ ಗಂಟೆ ಬಡಿಯಿತು. ಗುರುಪಾದಯ್ಯ ಇನ್ನಾರದೋ ಹೆಸರನ್ನು ಉದ್ದಕ್ಕೆ ಎಳೆಯುತ್ತ ಮೆಟ್ಟಿಲಿಳಿದು ಹೋದ.