ಅಪ್ಪ ತಿಕ್ಕುತ್ತಿದ್ದ ಬ್ರೇಕಿನ ರಬ್ಬರು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಅಪ್ಪನದು ಕಾಟಾ ಹಿಡಿದು ಚೀಲ ತೂಗುವ ಕೆಲಸ. ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದೆ. ಸೈಕಲ್ಲಿನ ಬ್ರೇಕು ಹಿಡಿಯುತ್ತಿಲ್ಲ, ರಬ್ಬರು ಸವೆದಿದೆ ಎಂದು ಅಪ್ಪ ಗೊಣಗತೊಡಗಿದ್ದು ಆಗಲೇ.

ರವಿವಾರ ಬಂತೆಂದರೆ ಪಡಸಾಲೆಯಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಕೂರುತ್ತಿದ್ದ. ಪಾನಾದಿಂದ ನಟ್ಟು ಬಿಚ್ಚಿ, ರಬ್ಬರಿನ ತುಂಡುಗಳನ್ನು ಹೊರತೆಗೆದು, ಹೊಳಪು ಹಿಡಿದ ಮೈಯನ್ನು ಉಸುಕಿನ ಕಾಗದಕ್ಕೆ ತಿಕ್ಕಿ ಒರಟು ಮಾಡುತ್ತಿದ್ದ. ಅದರಲ್ಲಿ ಕಚ್ಚಿಕೊಂಡ ಹರಳುಗಳನ್ನು ನಾನು ಸೂಜಿಯಿಂದ ಕೀಳುತ್ತಿದ್ದೆ. ನಟ್ಟು ತಿರುಗಿಸುವಾಗ ಮಾತ್ರ ಅದು ಅವನ ಬೆರಳಿನಿಂದ ಮತ್ತೆ ಮತ್ತೆ ಜಾರಿ ಬೀಳುತ್ತಿತ್ತು.

ಒಂದು ಸಲ ನಾನೇ ಓಣಿಯ ತುದಿಯವರೆಗೆ ಸೈಕಲ್ ಹೊಡೆದು ನೋಡಿದೆ. ಬ್ರೇಕು ಒತ್ತಿದ್ದೇ ತಡ, ಮುಗ್ಗರಿಸಿ ಬೀಳುವಂತಾಯಿತು.

"ಅಪ್ಪಾ, ಬ್ರೇಕ್ ಚಲೋ ಐತಿ."

"ನಿನಗ ತಿಳಿಯೂದಿಲ್ಲ. ಇನ್ನೊಂದೀಟು ತಿಕ್ಕಬೇಕು."

ಮೊಣಕಾಲ ಮೇಲಿದ್ದ ಅವನ ಬಲಗೈ ನಡುಗುತ್ತಿತ್ತು. ನಾನು ನೋಡಿದ್ದು ಗೊತ್ತಾಗಿ ಅದನ್ನು ತೊಡೆಯ ಕೆಳಗೆ ಸರಿಸಿಕೊಂಡ.

"ಅವ್ವಗ ಹೇಳಬ್ಯಾಡ. ಕಾಟಾ ಹಿಡಿಯೋ ಕೈ ನಡಗತೈತಿ ಅಂತ ಗೊತ್ತಾದ್ರ, ಸಾವಕಾರ್ರು ಕೆಲಸದಾಗ ಇಟ್ಕೊಳ್ಳೂದಿಲ್ಲ."

ನನಗೆ ಸುಮ್ಮನಿರಲಾಗಲಿಲ್ಲ. ಅಂದು ಸಂಜೆಯೇ ಅವ್ವನಿಗೆ ಹೇಳಿದೆ. ಸೈಕಲ್ ಬಿಟ್ಟು ನಡೆದೇ ಹೋಗಿ ಎಂದು ಅವ್ವ ಅಪ್ಪನನ್ನು ಬೇಡಿಕೊಂಡಳು. ಅಪ್ಪ ಕೇಳಲಿಲ್ಲ, ನನ್ನೊಂದಿಗೆ ಮಾತೂ ಬಿಟ್ಟ.

ಸುಗ್ಗಿಯ ಗದ್ದಲದಲ್ಲಿ, ಪೇಟೆಗೆ ಇಳಿಯುವ ರಸ್ತೆಯಲ್ಲಿ ಮುಂದಿದ್ದ ಚಕ್ಕಡಿ ತಟ್ಟನೆ ನಿಂತಿತು. ಅಪ್ಪನ ಸೈಕಲ್ ನಿಲ್ಲಲಿಲ್ಲ. ಹಮಾಲರು ಅದೇ ಚಕ್ಕಡಿಯಲ್ಲಿ ಮನೆಗೆ ಕರೆತಂದಾಗ ಮೆಣಸಿನಕಾಯಿಯ ಧೂಳಿನಿಂದ ಅವನ ಕಣ್ಣು ಉರಿದು ನೀರು ಸುರಿಯುತ್ತಿತ್ತು. ಹೆಗಲ ಎಲುಬು ಮುರಿದಿತ್ತು. ನಾನು ಮುಖ ಒರೆಸುವಾಗ ಮೆಲ್ಲಗೆ ಅಂದ: "ಬ್ರೇಕ್ ಚಲೋನ ಇತ್ತು ಯವ್ವಾ. ಕೈನ ಒತ್ತಲಿಲ್ಲ."

ರಾಣೆಬೆನ್ನೂರಿನ ಡಾಕ್ಟರು ಅವ್ವನಿಗೆ ಹೇಳಿದರು: "ಎಲುಬು ಕೂಡತೈತ್ರಿ. ನಡುಕ ನರದ್ದು. ಗುಳಿಗಿ ಕೊಡ್ತೇನಿ, ಆದ್ರ ಪೂರ್ತಿ ಹೋಗೂದಿಲ್ರಿ."

ಎಲುಬೇನೋ ಕೂಡಿತು. ಕಾಟಾ ಬೇರೆಯವರ ಕೈಗೆ ಹೋಯಿತು. ಸಾವಕಾರರು ಅಪ್ಪನನ್ನು ಅಂಗಡಿಯಲ್ಲಿ ಚೀಲ ಕಾಯಲು ಕೂರಿಸಿಕೊಂಡರು. ಮರುಬೇಸಿಗೆಗೆ ಎಡಗೈಯೂ ನಡುಗತೊಡಗಿತು. ಮನೆಗೆ ಯಾರಾದರೂ ಬಂದರೆ ಅಪ್ಪ ತನಗೆ ಚಹಾ ಬೇಡವೆನ್ನುತ್ತಿದ್ದ. ಅವರು ಹೋದ ಮೇಲೆ ಅವ್ವ ಅರ್ಧ ಕಪ್ಪು ಹಾಕಿ ತಂದು, ಅವನು ಕುಡಿದು ಮುಗಿಸುವವರೆಗೆ ಬಾಗಿಲ ಕಡೆ ಮುಖ ಮಾಡಿ ನಿಂತಿರುತ್ತಿದ್ದಳು.