ಒಣದ್ರಾಕ್ಷಿಯ ಕುರಿಗಳು

ಎಪ್ಪತ್ತರ ದಶಕದಲ್ಲಿ ನಾನು ಮುಂಬೈಯಲ್ಲಿ ಕಂಪ್ಯೂಟರಿಗೆ ಹುಲಿ-ಕುರಿ ಆಟ ಕಲಿಸುತ್ತಿದ್ದೆ. ಸಾವಿರಾರು ನಡೆಗಳಲ್ಲಿ ಉತ್ತಮವಾದದ್ದನ್ನು ಅದು ತಾನೇ ಆರಿಸಬೇಕು. ಅದೇ ನನ್ನ ಸಂಶೋಧನೆ.

ರಜೆಗೆ ನಮ್ಮೂರು ತಿಕೋಟಾಕ್ಕೆ ಬಂದಾಗ, ಅದು ಆರಿಸಿದ ನಡೆಗಳನ್ನು ಬಾಯಿಪಾಠ ಮಾಡಿಕೊಂಡು, ನನಗೆ ಆ ಆಟ ಕಲಿಸಿದ್ದ ಸೋದರತ್ತೆಯ ಎದುರು ಕೂತೆ. ಹುಲಿಗಳು ಅವಳವು. ನನ್ನ ಕುರಿಗಳೆಂದರೆ ಒಣದ್ರಾಕ್ಷಿ. ಹುಲಿ ಹೊಡೆದದ್ದನ್ನು ತಿಂದುಬಿಡುವುದು ನಮ್ಮ ಮನೆಯ ರೂಢಿ. ಯಂತ್ರ ಹೇಳಿದಂತೆ ಒಂದಾದ ಮೇಲೊಂದು ಕುರಿ ಕೊಟ್ಟೆ. ಅತ್ತೆ ನಗುತ್ತ ತಿಂದಳು. ನೋಡನೋಡುತ್ತಲೇ ಅವಳ ಹುಲಿಗಳಿಗೆ ಅಲುಗಾಡಲು ಜಾಗವಿರಲಿಲ್ಲ; ನಾನು ಗೆದ್ದಿದ್ದೆ.

ಅವಳು ನನ್ನ ಮುಖವನ್ನೇ ದಿಟ್ಟಿಸಿದಳು.

“ಸಣ್ಣಂವ ಇದ್ದಾಗ ಒಂದ ಕುರಿ ಹೋದ್ರ ಅಳತಿದ್ದಿ. ಇವತ್ತ ನಿನ್ನೊಳಗ ಕುಂತು ಯಾರ್ ಆಡಾಕತ್ತಾರೋ ತಮ್ಮಾ?”

ಉತ್ತರಕ್ಕೆ ಕಾಯದೆ, ಬಾಯಲ್ಲಿದ್ದ ದ್ರಾಕ್ಷಿಯನ್ನು ಅಂಗೈಗೆ ಉಗುಳಿದಳು.