ಪೆಟ್ಟಿಗೆಯಲ್ಲಿ ಉಳಿದ ಒಂದು ಜೇನು

ಇವತ್ತು ಬೆಳಿಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ಹಾಲು ಕಾಯಿಸಿ ಹೆಪ್ಪಿಟ್ಟೆ. ಅತ್ತೆಯ ಎರಡು ಸೀರೆ, ನಮ್ಮನೆಯವರ ಖಾಕಿ ಪ್ಯಾಂಟು ಒಗೆದು ಹರವಿದೆ. ರಾಗಿ ಕೇರಿ ಗಿರಣಿಗೆ ಕಳಿಸಿದೆ. ಹತ್ತೂವರೆಯ ಬಸ್ಸಿಗೆ ಚೌಳಹಿರಿಯೂರಿಗೆ ಹೋಗಿ ಗುರುಶಾಂತಣ್ಣನ ಮಣ್ಣು ಮುಗಿಸಿಕೊಂಡು ಬಂದೆ. ಬಂದು ತಲೆಗೆ ನೀರು ಹಾಕಿಕೊಂಡೆ. ಒಣಗಿದ ಬಟ್ಟೆ ತೆಗೆದು ಮಡಿಸಿದೆ. ಮಗಳ ಲಂಗದ ಅಂಚು ಬಿಚ್ಚಿಹೋಗಿತ್ತು, ಹೊಲಿದೆ.

ಗುರುಶಾಂತಣ್ಣ ರೇಡಿಯೋ ರಿಪೇರಿಗೆ ಕೂತನೆಂದರೆ ಅವನ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗಿ ಪಂಚೆಯ ಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಬೆಸುಗೆ, ತಿರುಪು, ತಂತಿ, ಎಲ್ಲವೂ ಬಲಗೈ ಒಂದರಲ್ಲೇ. ಗೊತ್ತಿಲ್ಲದವರು ಒಂದು ಕೈ ಸ್ವಾಧೀನವಿಲ್ಲ ಪಾಪ ಅಂದುಕೊಳ್ಳುತ್ತಿದ್ದರು. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಹೊಸತರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ. "ಎರಡೂ ಕೈ ಒಳಗಿಟ್ರೆ ಕರೆಂಟು ಈ ಕೈಲಿ ಹತ್ತಿ, ಎದೆ ದಾಟಿ, ಆ ಕೈಲಿ ಇಳೀತದೆ ಕಣಮ್ಮ. ಒಂದೇ ಕೈ ಆದ್ರೆ ಒದ್ದು ಬಿಸಾಕ್ತದೆ, ಅಷ್ಟೇಯ. ಒದೆ ತಿನ್ನಬೌದು, ಎದೆ ಕೊಡಾಕಾಗಕಿಲ್ಲ" ಅಂದ.

ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಬೀದಿಯ ಕಡೆಯ ಕೋಣೆಯೇ ಅಂಗಡಿ. ಮಿಲಿಟರಿಯಲ್ಲಿ ವೈರ್‌ಲೆಸ್ ಕೆಲಸ ಕಲಿತು ಬಂದವನು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಕಿವಿಗೆ ದಾರದಿಂದ ಕಟ್ಟಿದ ಕನ್ನಡಕ. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆ ಅಂಗಿಗೆಲ್ಲ ಹತ್ತಿ, ಅವನು ಹಾದುಹೋದ ಮೇಲೂ ಬೀದಿಯಲ್ಲಿ ಸ್ವಲ್ಪ ಹೊತ್ತು ವಾಸನೆ ಇರುತ್ತಿತ್ತು. ರೇಡಿಯೋ ತಂದವರು ಏನು ಹೇಳಿದರೂ ಅವನು ನಂಬುತ್ತಿರಲಿಲ್ಲ. "ನಾವ್ ಬೀಳಿಸೇ ಇಲ್ಲ ಕಣ್ರೀ ಅಂತಾರೆ. ಬಿಚ್ಚಿ ನೋಡಿದ್ರೆ ಒಳಗೆ ಅರ್ಧ ಗೋಡೆ ಸುಣ್ಣ! ಸೆಟ್ಟು ಸುಳ್ಳು ಹೇಳಲ್ಲ ಕಣಮ್ಮ, ಮನೇವ್ರು ಹೇಳ್ತಾರೆ."

ಅವನಿಗೆ ಕಿವಿ ಕೇಳಿಸುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಒಂದು ರೇಡಿಯೋ ರಿಪೇರಿ ಮುಗಿಸಿ, ಬಟ್ಟೆಯಿಂದ ಒರೆಸಿ, ಒಡೆಯನಿಗೆ ಕೊಡಲು ತಯಾರಾಗಿದ್ದ. ಅದರೊಳಗಿಂದ ಸಣ್ಣಗೆ ಚಿಟಿಚಿಟಿ ಬರುತ್ತಿತ್ತು.

"ಅಣ್ಣಾ, ಅದರೊಳಗೆ ಸಾಸಿವೆ ಸಿಡೀತಿದೆಯಲ್ಲ?" ಅಂದೆ.

ಅವನು ನನ್ನ ಬಾಯನ್ನೇ ನೋಡುತ್ತಿದ್ದ. ರೇಡಿಯೋ ಆರಿಸಿ ಹೊರಗೆ ಬಂದ. ಬೀದಿಯ ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದ: "ಒಗ್ಗರಣೆಗೆ ಹಾಕಿದ ತಕ್ಷಣ ಸಿಡೀತದಲ್ಲ, ಹಂಗಾ? ಇಲ್ಲಾ ಕೊನೇಗೆ ಒಂದೊಂದೇ ಸಿಡೀತದಲ್ಲ, ಹಂಗಾ?"

"ಕೊನೇಗೆ ಒಂದೊಂದೇ."

ಒಳಗೆ ಹೋಗಿ ಬಿಚ್ಚಿ, ಒಂದು ಗಾಜಿನ ವಾಲ್ವಿನ ಕಾಲು ಕೆರೆದು ಮತ್ತೆ ಕೂರಿಸಿದ. ಚಿಟಿಚಿಟಿ ನಿಂತಿತು. ಸೆಟ್ಟನ್ನು ಮತ್ತೆ ಬಟ್ಟೆಯಿಂದ ಒರೆಸಿದ. ಕೊನೆಗೆ, "ಯಾರಿಗೂ ಹೇಳಬ್ಯಾಡ ತಾಯಿ. ಕಣ್ಣಿಲ್ದೋನು ಬಟ್ಟೆ ಹೊಲೀತಾನೆ ಅಂದ್ರೆ ಯಾರಾದ್ರೂ ಬಟ್ಟೆ ಕೊಡ್ತಾರಾ?" ಅಂದ.

ಅಲ್ಲಿಂದ ಮುಂದೆ ನಾನು ಅವನ ಕಿವಿಯಾದೆ. ಪಾತ್ರೆ ತೊಳೆದಾದ ಮೇಲೆ ಜಗಲಿಯಲ್ಲಿ ಏನಾದರೊಂದು ಕೆಲಸ ಇಟ್ಟುಕೊಂಡು ಕೂರುವುದು, ಅವನು ಸೆಟ್ಟು ಹಚ್ಚುವುದು, ನಾನು ಹೇಳುವುದು. ನನಗೆ ಗೊತ್ತಿದ್ದದ್ದು ಅಡಿಗೆಮನೆಯ ಶಬ್ದಗಳು ಮಾತ್ರ. ದೋಸೆ ಹುಯ್ದಂತೆ ಸುಯ್ ಅಂದರೆ ಒಂದು ರೋಗ, ಸಾಸಿವೆ ಅಂದರೆ ಇನ್ನೊಂದು. ಗುಂಯ್ ಅಂದರೆ ಜೇನು. ಜೇನು ಅಂದರೆ ಅವನ ಮುಖ ಗಂಟಾಗುತ್ತಿತ್ತು, ಅದು ಎಲ್ಲಿ ಗೂಡು ಕಟ್ಟಿರುತ್ತದೋ ಹುಡುಕುವುದು ಕಷ್ಟ. "ಮಹಾರಾಣಿ ರೇಡಿಯೋ ಕೇಳೋಕ್ ಕೂತ್ಲು" ಎಂದು ಅತ್ತೆ ಒಳಗಿಂದ ಚುಚ್ಚುತ್ತಿದ್ದರು. ವಿಷಯ ತಿಳಿದ ಮೇಲೆ ಚುಚ್ಚುವುದು ನಿಂತಿತು. "ಹೋಗೇ, ಕಿವಿ ಕೊಟ್ಬಾ" ಎಂದು ಅವರೇ ಕಳಿಸುತ್ತಿದ್ದರು. ಅವರ ಬಾಯಿಂದಲೂ ಈ ಸುದ್ದಿ ಹೊರಗೆ ಹೋಗಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಮನೆಮನೆಗೂ ಟ್ರಾನ್ಸಿಸ್ಟರ್ ಬಂದು, ವಾಲ್ವಿನ ಸೆಟ್ಟುಗಳು ಅಟ್ಟ ಸೇರಿದವು. ಗುರುಶಾಂತಣ್ಣನ ಅಂಗಡಿಗೆ ವಾರಕ್ಕೊಬ್ಬರು ಬಂದರೆ ಹೆಚ್ಚು. ಅಂಥ ಹೊತ್ತಿನಲ್ಲಿ ತರೀಕೆರೆಯ ಅಡಿಕೆ ಮಂಡಿಯ ಸಾಹುಕಾರರೊಬ್ಬರು ಒಂದು ಪೆಟ್ಟಿಗೆ ಕಳಿಸಿದರು. ಗ್ರಾಮಫೋನಿನ ಹುಚ್ಚು ಅವರಿಗೆ. ಆ ಪೆಟ್ಟಿಗೆಗೆ ಪ್ರಿಆಂಪ್ಲಿಫೈಯರ್ ಅನ್ನುತ್ತಾರೆಂದು ಗುರುಶಾಂತಣ್ಣನೇ ಬಿಡಿಸಿ ಹೇಳಿದ. ತಟ್ಟೆಯ ಮೇಲೆ ಮುಳ್ಳು ಎತ್ತುವ ದನಿ ಬಹಳ ಕ್ಷೀಣವಂತೆ. ಅದಕ್ಕೆ ಮೊದಲು ಒಂದಿಷ್ಟು ಜೀವ ತುಂಬಿ ದೊಡ್ಡ ಆಂಪ್ಲಿಫೈಯರಿಗೆ ಒಪ್ಪಿಸುವುದು ಇದರ ಕೆಲಸ. ಇಂಗ್ಲೆಂಡಿನದು. ಒಳಗೆ ಇಲಿ ಗೂಡು ಕಟ್ಟಿತ್ತು, ತಂತಿಗಳ ಮೈಯೆಲ್ಲ ಸಿಪ್ಪೆ ಎದ್ದಿತ್ತು.

"ಇದೊಂದು ಹಾಡಿಬಿಟ್ರೆ ತರೀಕೆರೇಲಿ ಇನ್ನೂ ನಾಕು ಮನೆ ಇದಾವೆ, ಕಡೂರಲ್ಲಿ ಎರಡು. ಇಂಥವ್ನೇ ಇಟ್ಕೊಂಡು ಕೂತೋರು. ಕೈಗೆ ಸಾಯೋ ತನಕ ಕೆಲಸ" ಅಂದ. ಅವನು ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮೂರು ತಿಂಗಳು ಹಿಡಿಯಿತು. ಸೀಮೆಎಣ್ಣೆಯಲ್ಲಿ ತಗಡು ತೊಳೆದ. ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದುಗಳನ್ನೆಲ್ಲ ಉಜ್ಜಿದ. ಹಳೆಯ ಕಂಡೆನ್ಸರುಗಳನ್ನು ಒಂದೊಂದಾಗಿ ಕಿತ್ತು, ಅಟ್ಟ ಸೇರಿದ್ದ ಸೆಟ್ಟುಗಳಿಂದ ಒಳ್ಳೆಯವನ್ನು ಹುಡುಕಿ ಹಾಕಿದ. ಮೊದಲ ಸಲ ಹಚ್ಚಿದಾಗ ಮೂರು ವಾಲ್ವುಗಳೂ ಒಲೆಯ ಕೆಂಡದಂತೆ ಮೆಲ್ಲಗೆ ಕೆಂಪಾದವು. ಜೊತೆಗೆ ಇಡೀ ಜೇನುಗೂಡು ಎದ್ದಂಥ ಸದ್ದು. ಬಿಚ್ಚಿದ. ಮುಚ್ಚಿದ. ಅರ್ಧ ಗೂಡಾಯಿತು. ಇನ್ನೊಂದು ವಾರಕ್ಕೆ ಹತ್ತು ಜೇನು, ಆಮೇಲೆ ನಾಕು. ಹತ್ತನೆಯ ಸಲ ಮುಚ್ಚುವ ಹೊತ್ತಿಗೆ ಉಳಿದದ್ದು ಒಂದೇ ಒಂದು ಜೇನು, ಅದೂ ಎಲ್ಲೋ ದೂರದಲ್ಲಿ.

ಅವತ್ತು ಶನಿವಾರ. ಮಾರನೆಯ ದಿನ ಸಾಹುಕಾರರ ಮನೆಗೆ ಹಾಡು ಕೇಳುವವರು ಬರುವವರಿದ್ದರು. ಗುರುಶಾಂತಣ್ಣ ಬೆಳಿಗ್ಗೆಯಿಂದ ಒಂದು ತೊಟ್ಟು ಕಾಫಿಯೂ ಕುಡಿದಿರಲಿಲ್ಲ. ನಮ್ಮ ಮನೆಯೊಳಗೆ ನನ್ನ ಮಗಳಿಗೆ ದಡಾರ, ಮೈ ಸುಡುತ್ತಿತ್ತು. ಹನ್ನೊಂದನೆಯ ಸಲ ಮುಚ್ಚಿ, ದನಿ ಹೆಚ್ಚಿಸುವ ಗುಬುಟು ಪೂರ್ತಿ ತಿರುಗಿಸಿ, ತನ್ನ ಸಣ್ಣ ಸ್ಪೀಕರಿನ ಕಾಗದದ ಮೇಲೆ ಬೆರಳ ತುದಿಗಳನ್ನಿಟ್ಟ. ಹುಬ್ಬು ಗಂಟಿಕ್ಕಿತು. ನನ್ನ ಕಡೆ ತಿರುಗಿ, "ಐತಾ?" ಅಂದ.

ಇತ್ತು. ಒಂದೇ ಒಂದು.

ಗೋಡೆಯ ಆಚೆಯಿಂದ ಅತ್ತೆ ಕೂಗಿದರು: "ಮಗು ಅಳ್ತಾ ಇದೆ ಕಣೇ! ಸರಿಯಾಯ್ತು ಅಂದ್ಬಿಟ್ಟು ಎದ್ ಬಾರೇ!"

ಅವನಿಗೆ ಅದು ಕೇಳಿಸಲಿಲ್ಲ. ನಾನು ಅವನ ಮುಖ ನೋಡಿದೆ. ಇನ್ನೊಂದು ಸಲ ಬಿಚ್ಚಿದರೆ ಆ ದಣಿದ ಕೈ ಎಲ್ಲಿ ತಾಕುತ್ತದೋ ಎಂದು ಹೆದರಿಕೆಯಾಯಿತು. ಒಂದು ಜೇನು ತಾನೇ, ಹಾಡು ಶುರುವಾದರೆ ಯಾರಿಗೆ ಕೇಳಿಸುತ್ತದೆ ಅನ್ನಿಸಿತು.

"ಇಲ್ಲಣ್ಣ, ಹೋಯ್ತು. ತಣ್ಣಗಿದೆ" ಅಂದೆ.

ಬೆರಳು ಇನ್ನೂ ಕಾಗದದ ಮೇಲೇ ಇತ್ತು. "ಇಲ್ವಾ?" ಅಂದ.

"ಇಲ್ಲ."

ಭಾನುವಾರ ಬೆಳಿಗ್ಗೆ ಮಗಳ ಜ್ವರ ಇಳಿಯಿತು. ನಮ್ಮನೆಯವರು ಅವಳನ್ನು ನೋಡಿಕೊಂಡರು. ನಾನೂ ಅತ್ತೆಯೂ ಗುರುಶಾಂತಣ್ಣನ ಜೊತೆ ತರೀಕೆರೆಯ ಬಸ್ಸು ಹತ್ತಿದೆವು. ಅಲ್ಲೂ ಒಂದು ಕಿವಿ ಬೇಕು ಎಂದು ಅವನು ಕೇಳಿಕೊಂಡಿದ್ದ. ಒಬ್ಬಳೇ ಹೋದರೆ ಚೆನ್ನಾಗಿರೋದಿಲ್ಲ ಎಂದು ಅತ್ತೆ ಹೊರಟಿದ್ದರು. ಪೆಟ್ಟಿಗೆಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ. "ಏನ್ ಯಜಮಾನ್ರೇ, ಮಗುಗೂ ಟಿಕೆಟ್ ಹರೀಲಾ?" ಎಂದು ಕಂಡಕ್ಟರ್ ನಗಾಡಿದ. ಗುರುಶಾಂತಣ್ಣ ಅವನ ತುಟಿ ನೋಡಿ ತಿಳಿದುಕೊಂಡು, "ಇನ್ನೂ ಮೂರು ತಿಂಗಳ ಕೂಸು ಕಣಪ್ಪಾ" ಅಂದ. ಬಸ್ಸೆಲ್ಲ ನಕ್ಕಿತು.

ಸಾಹುಕಾರರ ನಡುಮನೆಯಲ್ಲಿ ಬೀರುವಿನಷ್ಟೆತ್ತರದ ಎರಡು ಸ್ಪೀಕರುಗಳಿದ್ದವು. ಅವುಗಳ ಮುಂದೆ ಗುರುಶಾಂತಣ್ಣನ ಸ್ಪೀಕರು ಅಂಗೈಯಷ್ಟು. ಹತ್ತು ಹನ್ನೆರಡು ಜನ ಕುರ್ಚಿಗಳಲ್ಲಿ ಕೂತಿದ್ದರು. ಗುರುಶಾಂತಣ್ಣ ತಂತಿಗಳನ್ನು ಸಿಕ್ಕಿಸಿ ಹಚ್ಚಿದ. ವಾಲ್ವುಗಳು ಕೆಂಪಾದವು. ತಟ್ಟೆಯ ಮೇಲೆ ಮುಳ್ಳು ಇಳಿಯುವ ಮೊದಲೇ ಆ ಒಂದು ಜೇನು ಇಡೀ ಗೂಡಾಗಿ ನಡುಮನೆಯನ್ನು ತುಂಬಿತು. ಕಿಟಕಿಯ ಗಾಜು ಕೂಡ ಜುಮುಗುಟ್ಟಿತು.

"ಏನ್ರೀ ಇದು?" ಅಂದರು ಸಾಹುಕಾರರು.

ಗುರುಶಾಂತಣ್ಣ ಪೆಟ್ಟಿಗೆಯ ಕಡೆಯೇ ನೋಡುತ್ತ ನಗುತ್ತಿದ್ದ. "ಹೊಸದರಂಗೇ ಆಗೈತೆ ಸ್ವಾಮಿ. ಒಂದ್ ಚೂರೂ ಸದ್ದಿಲ್ಲ ನೋಡಿ" ಅಂದ.

ಯಾರೋ ಕಿಸಕ್ಕನೆ ನಕ್ಕರು. ಇನ್ಯಾರೋ, "ಕಿವುಡನ ಕೈಲಿ ಮಾಡಿಸಿದ್ದೀರಲ್ಲ ಸಾಹುಕಾರ್ರೇ" ಅಂದರು. ನಗು ಅವನಿಗೆ ಕಾಣಿಸಿತು. ಜನರ ಮುಖಗಳನ್ನು ಒಂದೊಂದಾಗಿ ನೋಡಿ, ಕೊನೆಗೆ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಸದ್ದು ಇದೆ ಎಂದು ತಿಳಿಯಲು ಅಷ್ಟು ಸಾಕಾಯಿತು ಅವನಿಗೆ.

ಸಾಹುಕಾರರು ಕೆಟ್ಟವರಲ್ಲ. "ಇರ್ಲಿ ಬಿಡ್ರಿ, ಬೆಂಗಳೂರಿಗೆ ಕಳಿಸಿ ನೋಡ್ತೀನಿ" ಎಂದು ಎಲ್ಲರಿಗೂ ಕಾಫಿ ಕೊಡಿಸಿದರು. ಗುರುಶಾಂತಣ್ಣ ಕುಡಿಯಲಿಲ್ಲ. ಬಸ್ಸಿನಲ್ಲಿ ಖಾಲಿ ದುಪ್ಪಟಿಯನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಕೂತಿದ್ದ. 

ನಾವು ಪೆಟ್ಟಿಗೆ ಒಪ್ಪಿಸಿ ಬಂದ ಎರಡೇ ದಿನಕ್ಕೆ ಸುದ್ದಿ ಅಜ್ಜಂಪುರದ ಬಸ್‌ಸ್ಟ್ಯಾಂಡಿಗೂ ಬಂತು. ರಿಪೇರಿಗೆ ಕೊಟ್ಟಿದ್ದ ಇಬ್ಬರು ಸೆಟ್ಟುಗಳನ್ನು ಹಾಗೇ ವಾಪಸ್ಸು ತೆಗೆದುಕೊಂಡು ಹೋದರು. ಅದಾದ ಮೇಲೂ ಹಳೆಯ ಗಿರಾಕಿಯೊಬ್ಬರು ಬಂದು, "ನಂದೊಂದು ನೋಡಪ್ಪಾ" ಎಂದು ಬಹಳ ಹೇಳಿದರು. ಗುರುಶಾಂತಣ್ಣ ಅದನ್ನು ಮುಟ್ಟಲಿಲ್ಲ. ತಿಂಗಳೊಳಗೆ ಬೋರ್ಡು ಇಳಿಸಿ, ಚೌಳಹಿರಿಯೂರಿನ ತಮ್ಮನ ಮನೆಗೆ ಹೊರಟುಹೋದ. ಹೋಗುವ ದಿನ ನಮ್ಮ ಬಾಗಿಲಲ್ಲಿ ನಿಂತು, "ಬತ್ತೀನಿ ಕಣಮ್ಮ" ಅಂದ. ಅಷ್ಟೆ.

ಮೂರು ವರ್ಷ ನಾನು ಅತ್ತ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಹೋದೆ. ತಮ್ಮನ ಮನೆಯ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದ. ತುಂಬಾ ಇಳಿದುಹೋಗಿದ್ದ. ಕನ್ನಡಕವೂ ಸಾಲದೆ, ತುಟಿ ನೋಡಿ ತಿಳಿಯುವುದೂ ನಿಂತುಹೋಗಿತ್ತು. ಹೇಳಬೇಕಾದದ್ದನ್ನು ಆ ಮನೆಯ ಮಗುವಿನ ಸ್ಲೇಟಿನಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸುತ್ತಿದ್ದರು. ಮನೆಯವರು ಒಳಗೆ ಹೋದಾಗ ನಾನು ಸ್ಲೇಟು ತೆಗೆದುಕೊಂಡು ಬರೆದೆ: "ಅವತ್ತು ಒಂದು ಜೇನು ಇತ್ತು. ನಾನು ಸುಳ್ಳು ಹೇಳಿದೆ."

ಕಣ್ಣಿನ ಹತ್ತಿರ ಹಿಡಿದು ಓದಿದ. ಮತ್ತೊಮ್ಮೆ ಓದಿದ.

"ಇತ್ತು" ಅಂದ. "ನನ್ ಬೆರಳಿಗೆ ಗೊತ್ತಾಗಿತ್ತು ಕಣಮ್ಮ. ತುದೀಲಿ ಸಣ್ಣಗೆ ನಡುಗ್ತಿತ್ತು. ನೀನು ಇಲ್ಲ ಅಂದೆ. ಕಿವಿ ಆಗ್ಲೇ ಹೋಗಿತ್ತು, ಈಗ ಕೈನೂ ಕೆಟ್ಟು ಇಲ್ದಿದ್ದೆಲ್ಲ ಹೇಳ್ತದೆ ಅಂದ್ಕೊಂಡೆ."

ತರೀಕೆರೆಯಲ್ಲೇ ನನ್ನ ಮುಖ ನೋಡಿ ಗೊತ್ತಾಗಲಿಲ್ಲವಾ ಎಂದು ಬರೆದೆ.

"ಅಲ್ಲಿ ಎದ್ದಿದ್ದು ಬಸ್ಸಿನ ಕುಲುಕಾಟಕ್ಕೆ ಹೊಸದಾಗಿ ಬಂದಿದ್ದು ಅಂದ್ಕೊಂಡೆ. ನೀನು ಸುಳ್ಳು ಹೇಳ್ತೀಯ ಅಂತ ಹೊಳೀಲೇ ಇಲ್ಲ. ಹಿಂದಿನ ದಿನ ನಡುಗಿದ್ದು ನನ್ ಕೈಯೇ ಅಂದ್ಕೊಂಡೆ. ತನ್ ಕೈ ತಾನೇ ನಂಬಲಾರದೋನು ಮುನ್ನೂರು ವೋಲ್ಟಿನ ಸೆಟ್ಟಿಗೆ ಹೆಂಗಮ್ಮ ಕೈ ಹಾಕ್ತಾನೆ? ಅದಕ್ಕೇ ಬಿಟ್ಬಿಟ್ಟೆ. ಜನ ನಕ್ರು ಅಂತಲ್ಲ." ಒಂದು ಕಡಲೆಕಾಯಿ ಒಡೆದ. ಬೀಜ ತಿನ್ನದೆ ಮೊರಕ್ಕೆ ಹಾಕಿದ. "ಅರ್ತ್ ತಂತಿ ಒಂದು ಜಾಗ ಬದಲಾಯಿಸೋದಿತ್ತು. ಒಂದು ಗಳಿಗೆ ಕೆಲಸ."

ಸ್ಲೇಟನ್ನು ಒದ್ದೆ ಬಟ್ಟೆಯಿಂದ ತಾನೇ ಒರೆಸಿದ. ಬೈಯಲಿಲ್ಲ. ಹೋಗಲಿ ಬಿಡು ಅಂತಲೂ ಅನ್ನಲಿಲ್ಲ. ನಾನು ಏಳುವ ತನಕ ಕಡಲೆಕಾಯಿ ಬಿಡಿಸುತ್ತಲೇ ಇದ್ದ.

ಇವತ್ತು ಅವನನ್ನು ಕೂರಿಸಿ ಮಣ್ಣು ಮುಚ್ಚಿದರು. ನಾನು ಒಂದು ಬಿಲ್ವಪತ್ರೆ, ಎರಡು ಹಿಡಿ ಮಣ್ಣು ಹಾಕಿದೆ.

ರಾತ್ರಿಗೆ ಮುದ್ದೆ, ಹುರುಳಿಕಾಳಿನ ಸಾರು. ನಮ್ಮನೆಯವರು ಒಂದೂವರೆ ಮುದ್ದೆ ತಿಂದರು, ಮಗಳು ಅರ್ಧ. ನನಗೆ ಮಜ್ಜಿಗೆ ಸಾಕಾಯಿತು. ಅತ್ತೆ ತಟ್ಟೆಯ ಮುಂದೆ ಕೂತವರು ಕೈ ಹಾಕಲಿಲ್ಲ.

"ಅವತ್ತು ಗೋಡೆ ಆಚೆಯಿಂದ ಕೂಗಿದ್ದು ನಾನೇ ಅಲ್ವೇನೇ?" ಅಂದರು. "ಸರಿಯಾಯ್ತು ಅಂದ್ಬಿಡು ಅಂತ?"

"ಇಲ್ಲ ಬಿಡಿ ಅತ್ತೆ. ನೀವು ಕೂಗಿದ್ದು ನನಗೆ ಕೇಳಿಸೇ ಇರ್ಲಿಲ್ಲ" ಅಂದೆ.

ಆಮೇಲೆ ಒಂದು ಮುದ್ದೆ ಪೂರ್ತಿ ತಿಂದರು. ಎಲ್ಲರಿಗಿಂತ ಮೊದಲು ಅವರೇ ಮಲಗಿದರು.